ನಡುಮನೆಗೆ ಬಂದ ದೋಣಿ

ನನಗೆ ಈಜು ಬಾರದು. ಬಕೆಟ್ಟಿಗಿಂತ ಆಳವಾದ ನೀರು ಕಂಡರೆ ಎದೆ ನಡುಗುತ್ತದೆ. ಆದರೂ ಗೋಕಾಕದ ನಮ್ಮ ಓಣಿಯಲ್ಲಿ ಸ್ವಂತ ದೋಣಿ ಇರುವವನು ನಾನೊಬ್ಬನೇ.

ಹುಕ್ಕೇರಿಗೆ ಹೋದದ್ದು ಛತ್ರಿ ತರಲು. ಅಂಗಡಿಯಲ್ಲಿ ಗಾಳಿ ತುಂಬುವ ಹಳದಿ ರಬ್ಬರ್ ದೋಣಿಯೊಂದು ರಿಯಾಯಿತಿಗೆ ಇತ್ತು. ಕೊಂಡುಬಿಟ್ಟೆ. ಯಾಕೆ ಕೊಂಡೆ ಎಂಬುದು ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. ಕಾರಣ ಮೊದಲು, ಕಾರ್ಯ ಆಮೇಲೆ ಎಂದು ತರ್ಕಶಾಸ್ತ್ರ ಹೇಳುತ್ತದೆ. ಅದನ್ನು ಬರೆದವರು ಬಜಾರಕ್ಕೆ ಹೋದವರಲ್ಲ.

"ಘಟಪ್ರಭಾ ಉಕ್ಕಿ ಬಂದ್ರ?" ಎಂದೆ ಹೆಂಡತಿ ಶಾಂತಾಳಿಗೆ.

"ನಾವು ಇರೋದು ಗುಡ್ಡದ ಮ್ಯಾಗ, ಅದೂ ಎರಡನೇ ಮಾಳಿಗ್ಯಾಗ. ಇಲ್ಲಿತನ ನೀರ್ ಬಂದ್ರ ದೋಣಿ ಸಾಲಂಗಿಲ್ರಿ, ಹಡಗ ಬೇಕು."

"ಹುಟ್ಟು ಹಾಕಿದ್ರ ತೋಳಿಗೆ ಚಲೋ ವ್ಯಾಯಾಮ."

"ಹಂಗಾರ ರೊಟ್ಟಿ ಬಡೀರಿ."

ಹಟಕ್ಕೆ ಬಿದ್ದು ನಡುಮನೆಯಲ್ಲೇ ಗಾಳಿ ತುಂಬಿದೆ. ದೋಣಿ ಗೋಡೆಯಿಂದ ಗೋಡೆಗೆ ಉಬ್ಬಿ ನಿಂತಿತು, ಗಾಳಿ ಬಿಡುವ ಮುಚ್ಚಳ ತೆಗೆಯಲಾಗದಂತೆ ಬಿಗಿದುಕೊಂಡಿತು. ಇಕ್ಕಳ ಹಿಡಿದು ಹೆಣಗುತ್ತಿರುವಾಗಲೇ ಕೆಳಗೆ ಗಾಡಿ ನಿಂತ ಸದ್ದು. ಮಗಳು ಗೀತಾಳನ್ನು ನೋಡಲು ಸಂಜೆ ಬರಬೇಕಾಗಿದ್ದ ಮಸಗುಪ್ಪಿಯ ಬೀರಪ್ಪನವರು ಹೆಂಡತಿ ಮತ್ತು ಮಗನೊಡನೆ ಮಧ್ಯಾಹ್ನವೇ ಬಂದಿದ್ದರು. ಶಾಂತಾಳ ಮುಖ ಬಿಳಿಚಿತು. ಇದು ಅವಳ ಮನಸ್ಸಿಗೆ ಒಪ್ಪಿದ ಸಂಬಂಧ.

"ಬರ್ರಿ, ಕೂಡ್ರಿ," ಎಂದೆ. ಕೂರಲು ಬೇರೆ ಜಾಗವೇ ಇರಲಿಲ್ಲ. ಬೀರಪ್ಪ ಚಪ್ಪಲಿ ಬಿಟ್ಟು, ಧೋತರ ಎತ್ತಿಕೊಂಡು ದೋಣಿಯೊಳಗೆ ಕೂತರು. ಹೆಂಡತಿ, ಮಗ ಎದುರಿಗೆ ಕೂತರು. ಅವಲಕ್ಕಿ ಅಲ್ಲಿಗೇ ಹೋಯಿತು.

ಬೀರಪ್ಪ ದೋಣಿಯ ಅಂಚನ್ನು ಒತ್ತಿ ನೋಡಿದರು. "ಭಾರಿ ಮಾಲ್ ಐತಿ ಬಿಡ್ರಿ. ನಮಗೂ ಒಂದ್ ಬೇಕಿತ್ತು. ಧುಪದಾಳ ಡ್ಯಾಮಿಗೆ ಹೋದಾಗ ಉಪಯೋಗ ಆಕ್ಕೈತಿ."

"ಮದಲ ಆ ಜೀನಕ್ಕ ಒಂದ್ ಕುದುರಿ ಹುಡುಕ್ರಿ," ಎಂದರು ಅವರ ಹೆಂಡತಿ. ಆಮೇಲೆ ಶಾಂತಾಳ ಕಡೆ ತಿರುಗಿ, "ಹೋದ ವರ್ಷ ಕುದುರಿ ಬೆನ್ನಿಗೆ ಹಾಕೋ ಜೀನ ತಂದಾರ್ರಿ ಅಕ್ಕಾರ. ಕುದುರಿ ಇಲ್ಲ. ಮುಂದ ಕುದುರಿ ಸೋವಿ ಆಗ್ತಾವಂತ!" ಎಂದರು. ಶಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಆಗ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಗೀತಾ ನೇರವಾಗಿ ಹುಡುಗನನ್ನು ಕೇಳಿದಳು: "ನೀವೂ ಹಿಂಗ ಏನರ ತಂದೀರೇನ್ರಿ?"

ಹುಡುಗನ ಕಿವಿ ಕೆಂಪಾದವು. "ಹೂಂ. ನವಿಲಿನಂಥಾ ದೀಪ. ಗರಿ ಬಿಚ್ಚತೈತಿ."

"ಯಾಕ ತಗೊಂಡ್ರಿ?"

"ಚಂದ ಕಾಣಸ್ತು. ಆಸೆ ಆತು. ಮತ್ತೇನಿಲ್ರಿ."

ಅವರು ಹೋದ ಮೇಲೆ ಗೀತಾ ಒಪ್ಪಿಗೆ ಹೇಳಿದಳು. ನೌಕರಿಯ ಬಗ್ಗೆ, ಹೊಲದ ಬಗ್ಗೆ ಒಂದು ಮಾತಿಲ್ಲ. "ನೆಪಾ ಹೇಳಲಿಲ್ಲವ್ವ ಆ ಮನಶಾ," ಎಂದಳು, ಅಷ್ಟೇ. ನನಗೆ ಬೆರಗಾಯಿತು. ಇಷ್ಟು ವರ್ಷ ಸಂಸಾರ ಮಾಡಿದರೂ 'ಆಸೆ ಆತು' ಎಂಬ ಉತ್ತರ ನನಗೆ ಹೊಳೆದಿರಲೇ ಇಲ್ಲ.

ಮುಂದಿನ ವಾರ ಮೂಡಲಗಿಯಿಂದ ಮುಳ್ಳು ಹಿಂದಕ್ಕೆ ತಿರುಗುವ ಗಡಿಯಾರ ತಂದೆ. ಶಾಂತಾ ಬಾಗಿಲಲ್ಲೇ ತಡೆದು, "ಇದ್ಯಾಕ್ರಿ?" ಎಂದಳು. ಎದೆಯುಬ್ಬಿಸಿ ಹೇಳಿದೆ: "ಆಸೆ ಆತು. ಮತ್ತೇನಿಲ್ಲ."

"ಹೌದಾ? ಹಂಗಾರ ವಾಪಸ್ ಕೊಟ್ ಬರ್ರಿ."

ನೆಪ ಹೇಳಿದ್ದರೆ ರಾತ್ರಿ ಊಟದವರೆಗಾದರೂ ವಾದ ನಡೆಯುತ್ತಿತ್ತು. ನಿಜ ಹೇಳಿದವನಿಗೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಮೂಡಲಗಿಯ ಬಸ್ ಹಿಡಿದೆ.