ನೋಡದೆ ಹೇಳಿದ ಸಿನಿಮಾ

ತಾಂಬಾದ ಶಾಲೆಗೆ ಮಾಸ್ತರನಾಗಿ ಹೋದಾಗ ನನಗೆ ಇಪ್ಪತ್ಮೂರು ವರ್ಷ. ಎಪ್ಪತ್ತರ ದಶಕ ಆಗಲೇ ಅರ್ಧ ದಾಟಿತ್ತು. ಒಂಟಿ ಮನುಷ್ಯ, ಬಾಡಿಗೆಯ ಒಂದು ಕೋಣೆ. ವಾರವಿಡೀ ಮಕ್ಕಳಿಗೆ ಮಗ್ಗಿ ಹೇಳಿಸಿ ರವಿವಾರ ಬೆಳಗಿನ ಬಸ್ಸಿಗೆ ತಾಲೂಕು ಊರಾದ ಇಂಡಿಗೆ ಹೋಗುತ್ತಿದ್ದೆ. ಕಟಿಂಗ್, ಖಾನಾವಳಿಯಲ್ಲಿ ಊಟ, ಆಮೇಲೆ ತಗಡಿನ ಟಾಕೀಜಿನಲ್ಲಿ ಮೂರು ಗಂಟೆಯ ಆಟ. ಸಂಜೆ ಬಸ್ಸಿನಲ್ಲಿ ವಾಪಸ್ಸು. ಆ ಕಾಲದಲ್ಲಿ ನನಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಚಹದಂಗಡಿಗೆ ಹೋದರೆ ಬೆಂಚಿನ ಮೇಲಿದ್ದವರು ಜಾಗ ಮಾಡಿಕೊಡುತ್ತಿದ್ದರು.

"ಮಾಸ್ತರ, ಇಂಡ್ಯಾಗ ಯಾವುದು ಬಂದೈತ್ರಿ? ನೋಡೂಹಂಗ ಐತೋ ಇಲ್ಲೋ?"

"ಮೊದಲ ಜರಾ ಎಳೀತೈತಿ. ಇಂಟರ್ವಲ್ ಆದಮ್ಯಾಲೆ ಮಾತ್ರ ಹಿಡದು ಕುಂಡ್ರಸತೈತಿ, ಹೋಗ್ರಿ," ಅಂತ ನಾನು. ನನ್ನ ಮಾತು ಕೇಳಿ ಇಂಡಿಗೆ ಹೋದವರು ಮರುವಾರ ಬಂದು "ಖರೇ ಹೇಳಿದ್ರಿ ನೋಡ್ರಿ" ಅನ್ನುತ್ತಿದ್ದರು. ಹರೆಯದವನಿಗೆ ಆ ಮಾತು ತಲೆಗೇರಲು ಎಷ್ಟು ಹೊತ್ತು ಬೇಕು? ಊರಿನಲ್ಲಿ ಹಿರಿಯರು ಕೂಡ ಸಿನಿಮಾದ ವಿಷಯದಲ್ಲಿ ನನ್ನ ಮಾತಿಗೆ ಕಾಯುತ್ತಾರೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ರವಿವಾರ ಜ್ವರ ಬಂದು ಕೋಣೆಯಲ್ಲೇ ಕಂಬಳಿ ಹೊದ್ದು ಮಲಗಿದೆ. ಸೋಮವಾರ ಹೇಗೋ ಎದ್ದು ಹೋದೆ. ಬಸ್ಸು ನಿಲ್ಲುವ ಕಡೆಯ ಗೋಡೆಗೆ ಹೊಸ ಪೋಸ್ಟರ್ ಹಚ್ಚಿದ್ದರು. ಒಬ್ಬ ಅಣ್ಣ, ಒಬ್ಬಳು ತಂಗಿ, ಅವರಿಬ್ಬರ ನಡುವೆ ಹಲ್ಲು ಬಿಟ್ಟು ನಗುವ ಪುಟ್ಟ ಹುಡುಗಿ. ಆ ಸಿನಿಮಾದ ಬಗ್ಗೆ ನನಗೆ ಗೊತ್ತಿದ್ದದ್ದು ಆ ಕಾಗದದಲ್ಲಿ ಕಂಡಷ್ಟೇ. ಆದರೆ ಚಹದಂಗಡಿಯಲ್ಲಿ ಎಂದಿನಂತೆ ಪ್ರಶ್ನೆ ಬಂದಾಗ "ನಾ ನೋಡಿಲ್ಲ" ಎನ್ನಲು ನಾಲಿಗೆ ಹೊರಳಲಿಲ್ಲ.

"ಭಾಳ ಚಲೋ ಐತಿ," ಎಂದುಬಿಟ್ಟೆ. "ಅಣ್ಣ ತಂಗಿ ಕತಿ. ಮನಿಮಂದೆಲ್ಲ ಕೂತು ನೋಡೂವಂಥದು."

ಅಂಗಡಿಗೆ ಹಾಲು ಹಾಕಲು ಬಂದಿದ್ದ ಹೆಂಗಸೊಬ್ಬಳು ಅಲ್ಲೇ ನಿಂತಿದ್ದಳು. ಕುರಿ ಕಾಯುವ ಮನೆತನದವಳು, ಮೂವತ್ತೈದರ ಆಸುಪಾಸು. ಆಕೆ ನನ್ನನ್ನು ಯಾವತ್ತೂ ಮಾತನಾಡಿಸಿದವಳಲ್ಲ. ಅವತ್ತು ಸೆರಗು ಸರಿಮಾಡಿಕೊಂಡು ಕೇಳಿದಳು: "ಮಾಸ್ತರ, ನಮ್ಮಂಥಾವರು ನೋಡಬಹುದೇನ್ರಿ ಅದು? ನಮ್ಮನಿಯಾವ್ರನ್ನ ಒಂದೀಟು ಹೊರಗ ಕರಕೊಂಡು ಹೋಗಬೇಕಂತ ಮಾಡೇನಿ."

ಆಕೆಯ ಒಬ್ಬಳೇ ಮಗಳು ಹಿಂದಿನ ವರ್ಷ ಹೊಲದ ಬಾವಿಯಲ್ಲಿ ಬಿದ್ದು ತೀರಿಕೊಂಡಿದ್ದಳು. ನಾನು ಆ ಊರಿಗೆ ಬರುವ ಮೊದಲಿನ ಮಾತು. ಆದರೆ ಎರಡನೆಯ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮೇಲೆ ಎಳೆದ ಕೆಂಪು ಗೆರೆಯನ್ನು ನಾನೇ ಕಂಡಿದ್ದೆ. ಅಂದಿನಿಂದ ಆಕೆಯ ಗಂಡ ಮಾತು ಬಿಟ್ಟಿದ್ದಾನೆ, ಕುರಿ ಹೊಡೆದುಕೊಂಡು ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ, ಅಷ್ಟೇ ಎಂದು ಊರವರು ಹೇಳಿದ್ದೂ ಕಿವಿಗೆ ಬಿದ್ದಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾನು ನಗುನಗುತ್ತಾ ಹೇಳಿದೆ: "ಹೋಗ್ರಿ ಅಕ್ಕಾ. ಗಂಡ ಹೆಂಡತಿ ಕೂಡೇ ಹೋಗ್ರಿ. ಮನಸ್ಸು ಹಗರ ಆಕ್ಕೈತಿ."

ಗುರುವಾರ ಮಧ್ಯಾಹ್ನ ಆಕೆ ಶಾಲೆಗೆ ಬಂದಳು. ಮಕ್ಕಳು ಊಟಕ್ಕೆ ಹೋಗಿದ್ದರು. ನಾನು ಬೇವಿನ ಗಿಡದ ಕೆಳಗೆ ಮಕ್ಕಳ ಪಾಟಿಯ ಮೇಲಿನ ಲೆಕ್ಕ ತಿದ್ದುತ್ತಿದ್ದೆ. ಆಕೆ ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ನಿಂತುಕೊಂಡೇ ಕೇಳಿದಳು.

"ಮಾಸ್ತರ, ನೀವು ಆ ಸಿನಿಮಾ ನೋಡಿದ್ರೇನ್ರಿ?"

ನಾನು ಕೈಯಲ್ಲಿದ್ದ ಪಾಟಿಯನ್ನು ಕೆಳಗಿಟ್ಟೆ.

"ನೋಡಿಲ್ಲ ಬಿಡ್ರಿ," ಅಂದಳು. "ನೋಡಿದ್ರ ನನಗ ಹೋಗಂತ ಹೇಳತಿರಲಿಲ್ಲ ನೀವು. ನಿನ್ನಿ ಹೋಗಿದ್ವಿ. ಇಂಟರ್ವಲ್ಕಿಂತ ಮೊದಲ ಆ ಹುಡುಗಿ ಬಾವ್ಯಾಗ ಬೀಳತೈತಿ. ನೀರಮ್ಯಾಲೆ ಕೊಡ ಒಂದ ತೇಲತಿರತೈತಿ. ನಮ್ಮನಿಯಾವ್ರು ಎದ್ದು ಹೊಂಟಬಿಟ್ರು. ನಾ ಹಿಂದಿಂದ ಓಡಿದೆ. ಬಸ್ಸಿಗೆ ಸೈತ ನಿಲ್ಲಲಿಲ್ಲ, ಹಾದಿ ಹಿಡದು ನಡದಬಿಟ್ರು. ಅರ್ಧ ದಾರಿಗೆ ಯಾರದೋ ಬಂಡಿ ಸಿಕ್ಕಿತು, ಹತ್ತಿಸಿಕೊಂಡು ಬಂದೆ."

ನಾನು ಎದ್ದು ನಿಂತೆ. "ಅಕ್ಕಾ, ನಾ ನೋಡಿರಲಿಲ್ಲ. ಸುಳ್ಳು ಹೇಳಿದೆ. ನಂದು ತಪ್ಪಾತು."

ಆಕೆ ಅಂದ ಮಾತು ನಾನು ನಿರೀಕ್ಷಿಸಿದ್ದಲ್ಲ.

"ತಪ್ಪಾತು ಅಂದ್ರ ಮುಗೀತೇನ್ರಿ? ನಾ ಬಿಡಾಕಿ ಅಲ್ಲ. ವರ್ಷಾತು, ಆ ಮನಷ್ಯಾ ನಕ್ಕಿಲ್ಲ. ನನ್ನ ಮಗಳು ಹೋದಳು, ಗಂಡನ್ನೂ ಕಳಕೊಳ್ಳಾಕ ನಾ ತಯಾರಿಲ್ಲ. ನಗೂವಂಥಾದ್ದು ಒಂದ ಹುಡುಕಿ ಹೇಳ್ರಿ. ಸಿನಿಮಾ ಆಗಲಿ, ನಾಟಕ ಆಗಲಿ. ಆದ್ರ ಈ ಸಲ ನೀವು ಮೊದಲ ನೋಡಿ ಬರ್ರಿ."

ಮರುದಿನ ಚಹದಂಗಡಿಯಲ್ಲಿ ಎಲ್ಲರ ಮುಂದೆ ನಿಜ ಹೇಳಿದೆ. "ಏ, ಅದಕ್ಕೇನಾತ್ರಿ ಮಾಸ್ತರ," ಎಂದು ಅವರು ನಕ್ಕು ಬಿಟ್ಟರು. ನನಗೆ ಮಾತ್ರ ಬಿಡಲಾಗಲಿಲ್ಲ. ಹುಡುಕಲೇಬೇಕು ಎಂದು ಗಟ್ಟಿ ಮಾಡಿಕೊಂಡೆ.

ಅಲ್ಲಿಂದ ನನ್ನ ರವಿವಾರಗಳ ಬಣ್ಣವೇ ಬದಲಾಯಿತು. ಮೊದಲು ಕುರ್ಚಿಗೆ ಒರಗಿ ಸಿನಿಮಾ ನೋಡುತ್ತಿದ್ದವನು ಈಗ ಪರೀಕ್ಷೆಗೆ ಕೂತವನಂತೆ ಮುಂದೆ ಬಾಗಿ ಕೂರುತ್ತಿದ್ದೆ. ಇಂಡಿಯಲ್ಲಿ ಎರಡು ನೋಡಿದೆ. ಒಂದರಲ್ಲಿ ಕೂಸಿಗೆ ಹಾವು ಕಚ್ಚಿತು, ಇನ್ನೊಂದರಲ್ಲಿ ಕೂಸು ಹುಟ್ಟುವಾಗಲೇ ಹೋಯಿತು. ಸಿಂದಗಿಗೆ ಹೋದೆ. ಅಲ್ಲಿ ಬಂದಿದ್ದ ಸಿನಿಮಾ ಹೊಟ್ಟೆ ಹುಣ್ಣಾಗುವಷ್ಟು ನಗಿಸಿತು. ಇದೇ ಸರಿ ಎಂದುಕೊಳ್ಳುವಷ್ಟರಲ್ಲಿ, ಕೊನೆಯ ಕಾಲು ತಾಸು ಇರುವಾಗ, ನಾಯಕನ ತಂಗಿಯ ಮಗ ಹೊಳೆಯ ಪಾಲಾದ. ಬಸವನ ಬಾಗೇವಾಡಿಗೆ ಒಂದು ಶನಿವಾರ ಅರ್ಧ ದಿನದ ರಜೆ ಹಾಕಿ ಹೋದೆ. ಅಲ್ಲಿಯ ಚಿತ್ರದಲ್ಲಿ ಜಾತ್ರೆಯ ಗದ್ದಲದಲ್ಲಿ ಮಗಳು ಕಳೆದುಹೋಗಿ ಇಡೀ ಸಿನಿಮಾ ತಂದೆ ಹುಡುಕುತ್ತಾನೆ. ಅಷ್ಟು ವರ್ಷ ಸಿನಿಮಾ ನೋಡಿದವನಿಗೆ ಒಂದು ಸಂಗತಿ ಆಗ ಮೊದಲ ಸಲ ಕಣ್ಣಿಗೆ ಬಿತ್ತು: ಮಂದಿಯನ್ನು ಅಳಿಸಬೇಕಾದಾಗ ಇವರು ಸಣ್ಣ ಮಕ್ಕಳ ಮೇಲೇ ಕೈ ಹಾಕುತ್ತಾರೆ. ನಾನೂ ಅದೇ ಜಾಗದಲ್ಲಿ ಎಷ್ಟೋ ಸಲ ಕಣ್ಣೊರೆಸಿಕೊಂಡು, ಹೊರಗೆ ಬಂದು "ಚಲೋ ಐತಿ" ಎಂದಿದ್ದೆ.

ಪ್ರತಿ ಸೋಮವಾರ ಆಕೆ ಹಾಲಿನ ತಂಬಿಗೆ ಇಳಿಸಿ ನನ್ನ ಕಡೆ ನೋಡುತ್ತಿದ್ದಳು. ನಾನು ತಲೆ ಅಲ್ಲಾಡಿಸುತ್ತಿದ್ದೆ. "ಆಗಲಿ, ಮುಂದಿನ ವಾರ ನೋಡ್ರಿ," ಎಂದು ಹೇಳಿ ಹೋಗುತ್ತಿದ್ದಳು. ಒಂದು ವಾರವೂ "ಸಾಕು ಬಿಡ್ರಿ" ಅನ್ನಲಿಲ್ಲ.

ದಸರೆಯ ರಜೆಗೆ ನಾಲತವಾಡದ ಅಕ್ಕನ ಮನೆಗೆ ಹೋದೆ. ನನ್ನ ಕತೆ ಕೇಳಿದ ಅಕ್ಕ, "ಮುದ್ದೇಬಿಹಾಳಕ್ಕ ಒಂದ ನಾಟಕ ಕಂಪನಿ ಬಂದೈತಿ. ನಮ್ಮ ಓಣಿ ಮಂದಿ ನಕ್ಕು ನಕ್ಕು ಸಾಕಾಗಿ ಬಂದಾರ, ಅದನ್ನ ಹೇಳು," ಎಂದಳು.

"ಮಂದಿ ಹೇಳಿದ್ದನ್ನ ನಾ ಹೇಳೂದಿಲ್ಲ. ನೋಡಿ ಬರ್ತೇನಿ," ಎಂದು ಮುದ್ದೇಬಿಹಾಳಕ್ಕೆ ಹೊರಟೆ.

ಜಿಪುಣ ಗೌಡ ಮತ್ತು ಅವನ ಕುರಿ ಕಾಯುವ ಚಾಲಾಕಿ ಆಳಿನ ನಾಟಕ ಅದು. ಗೌಡ ಆಳಿನ ಹೊಟ್ಟೆಗೆ ಕಡಿಮೆ ಹಾಕುತ್ತಾನೆ, ಆಳು ದಿನಕ್ಕೊಂದು ಉಪಾಯ ಹೂಡಿ ಅವನ ಕೈಯಿಂದಲೇ ಹೋಳಿಗೆ ಬಡಿಸಿಕೊಳ್ಳುತ್ತಾನೆ. ಬಟ್ಟೆಯಲ್ಲಿ ಹೊಲಿದ ಕುರಿಮರಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಆ ನಟ ಅದರೊಂದಿಗೇ ಗೌಡನ ಚಾಡಿ ಹೇಳುತ್ತಿದ್ದ. ನಾನು ನಕ್ಕೆ. ಮರುದಿನ ಮತ್ತೆ ಹೋಗಿ ನೋಡಿದೆ, ಬಾವಿ ಇಲ್ಲ, ಹೊಳೆ ಇಲ್ಲ, ಕೂಸು ಇಲ್ಲ. ಆಟ ಮುಗಿದ ಮೇಲೆ ಕಂಪನಿಯ ಮ್ಯಾನೇಜರನನ್ನು ಹುಡುಕಿಕೊಂಡು ಪರದೆಯ ಹಿಂದೆ ಹೋದೆ.

"ಇದರಾಗ ಮುಂದ ಎಲ್ಯಾರ ಕೂಸು ಸಾಯೂದು ಸೇರಸ್ತೀರೇನ್ರಿ?"

ಆತ ಕನ್ನಡಕ ತೆಗೆದು ನನ್ನನ್ನು ನೋಡಿದ. "ಏನ್ರೀ ಇದು, ಎಲ್ಲಾರೂ ಇನ್ನಷ್ಟು ಅಳಸ್ರಿ ಅಂತಾರ. ಬ್ಯಾಡ ಅಂದಾವರು ನೀವ ಮೊದಲನೇದವರು." ವಿಷಯ ಹೇಳಿದೆ. ಆತ ಎಲ್ಲ ಕೇಳಿ, ದೀಪಾವಳಿ ಆದ ಮೇಲೆ ತಮ್ಮ ಕ್ಯಾಂಪು ಸಿಂದಗಿಗೆ ಬರುವುದಾಗಿಯೂ ರವಿವಾರ ಮೂರು ಗಂಟೆಗೆ ಆಟ ಇರುವುದಾಗಿಯೂ ಹೇಳಿದ. "ಕರಕೊಂಡು ಬರ್ರಿ, ಒಂದಕ್ಷರ ಹೆಚ್ಚು ಕಮ್ಮಿ ಮಾಡಂಗಿಲ್ಲ," ಎಂದು ಮಾತು ಕೊಟ್ಟ.

ತಾಂಬಾಕ್ಕೆ ಬಂದವನೇ ಆಕೆಗೆ ಹೇಳಿದೆ.

"ನೋಡೀರೇನು?"

"ಎರಡ ಸಲ ನೋಡೇನಿ."

"ಬಾವಿ?"

"ಇಲ್ಲ. ಕೂಸೂ ಇಲ್ಲ."

"ಹಂಗಾರ ಆತು," ಎಂದಳು.

ಗಂಡ ಸುಲಭಕ್ಕೆ ಒಪ್ಪಲಿಲ್ಲ. ದೀಪಾವಳಿ ಆದ ಮೇಲೆ, ಆಟದ ರವಿವಾರ ನಾನು ಅವರ ಅಂಗಳಕ್ಕೆ ಹೋದಾಗ ಆತ ಕಂಬಳಿ ಹೆಗಲಿಗೆ ಹಾಕಿ ಕುರಿಹಟ್ಟಿಯ ಕಡೆ ಮುಖ ಮಾಡಿದ್ದ. "ನಾ ಒಲ್ಲೆ" ಎಂಬುದೊಂದೇ ಮಾತು. ಆಕೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದಳು: "ಕುರಿ ಇವತ್ತ ನಮ್ಮ ಮೈದುನ ಕಾಯತಾನ, ಹೇಳಿ ಬಂದೇನಿ. ನೀವು ಬರದಿದ್ರ ನಾನೂ ಮಾಸ್ತರೂ ಇಬ್ಬರ ಹೊಕ್ಕೇವಿ. ಊರ ಮಂದಿ ಏನರ ಅಂದ್ಕೊಳ್ಳಲಿ." ನನಗೆ ಬೆವರು ಕಿತ್ತುಕೊಂಡು ಬಂತು. ಆತ ಕಂಬಳಿಯನ್ನು ಗೂಟಕ್ಕೆ ಸಿಕ್ಕಿಸಿ, ತಲೆಗೆ ಪಟಗಾ ಸುತ್ತಿಕೊಂಡು ನಮ್ಮ ಮುಂದೆ ನಡೆದ.

ಸಿಂದಗಿಯ ಟೆಂಟಿನಲ್ಲಿ ಆತ ಗಂಡಸರ ಸಾಲಿನಲ್ಲಿ ನನ್ನ ಪಕ್ಕ ಕೂತ. ಹೆಂಡತಿ ಎಡಕ್ಕೆ ಹೆಂಗಸರ ಕಡೆ. ನಾಟಕ ಶುರುವಾಯಿತು. ಸುತ್ತ ಮಂದಿ ಬಿದ್ದು ಬಿದ್ದು ನಗುತ್ತಿದ್ದರೆ ಈತ ಮೊಣಕಾಲಿನ ಮೇಲೆ ಕೈಯಿಟ್ಟು ಕಲ್ಲಿನ ಹಾಗೆ ಕೂತಿದ್ದ. ಆಕೆ ಒಮ್ಮೆ ನಾಟಕ ನೋಡಿದರೆ ಎರಡು ಸಲ ಗಂಡನ ಮುಖ ನೋಡುತ್ತಿದ್ದಳು. ಮೊದಲನೆಯ ಅಂಕ ಮುಗಿಯಿತು.

ಎರಡನೆಯ ಅಂಕದಲ್ಲಿ ಆಳು ಕುರಿಮರಿ ಹಿಡಿದು ಬಂದ. ಮುದ್ದೇಬಿಹಾಳದ ಬಟ್ಟೆಯ ಮರಿ ಹರಿದಿತ್ತೋ ಏನೋ, ಇಲ್ಲಿ ಜೀವಂತ ಮರಿಯನ್ನೇ ತಂದಿದ್ದರು. ನಟನಿಗೆ ಅದನ್ನು ಹಿಡಿಯಲು ಬರುತ್ತಿರಲಿಲ್ಲ. ಮುಂಗಾಲು ಹಿಡಿದು ಜೋತಾಡಿಸುತ್ತಿದ್ದ. ಮರಿ ಒಂದೇ ಸಮನೆ ಅರಚುತ್ತಿತ್ತು, ಮಾತೊಂದೂ ಕೇಳುತ್ತಿರಲಿಲ್ಲ.

ನನ್ನ ಪಕ್ಕದಲ್ಲಿದ್ದವನು ಎದ್ದು ನಿಂತ.

"ಏ ತಮ್ಮಾ! ಕಾಲ ಹಿಡದು ಎತ್ತಬ್ಯಾಡೋ, ಕೀಲ ತಪ್ಪತೈತಿ! ಎದಿ ಬುಡಕ ಕೈ ಕೊಡು!"

ಇಡೀ ಟೆಂಟು ತಿರುಗಿ ನೋಡಿತು. ನಟ ಗಾಬರಿಯಾಗದೆ ಕೈಮುಗಿದ. "ಕಾಕಾ, ನಾ ಪಗಾರಕ್ಕ ಕುರಿ ಕಾಯಾಂವ. ನೀವ ಬಂದು ತೋರಿಸ್ರಿ."

ಆತ ಹಿಂದೆಮುಂದೆ ನೋಡದೆ ಸಾಲು ದಾಟಿ ಮೇಲೆ ಹತ್ತಿಯೇಬಿಟ್ಟ. ಮರಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದು ಅದರ ಕಿವಿಯ ಹಿಂದೆ ತುರಿಸಿದ. ಅರಚಾಟ ನಿಂತಿತು. "ಹಿಂಗ ನೋಡು," ಎಂದ. ಜಿಪುಣ ಗೌಡನ ಪಾತ್ರದವನು ಪರದೆಯ ಮರೆಯಿಂದ ತಲೆ ಹಾಕಿ, "ಲೇ ಆಳ, ನಿನ್ನ ಇವತ್ತ ಕೆಲಸದಿಂದ ತಗದೇನಿ! ಈ ಕಾಕಾಗ ನಾಳಿಂದ ದಿನಾ ಹೋಳಿಗಿ!" ಎಂದು ಕೂಗಿದ. ಟೆಂಟು ಹಾರಿಹೋಗುವ ಹಾಗೆ ಮಂದಿ ನಕ್ಕರು. ಮರಿ ಹಿಡಿದು ದೀಪದ ಬೆಳಕಿನಲ್ಲಿ ನಿಂತವನು ಮೊದಲು ಕಕ್ಕಾಬಿಕ್ಕಿಯಾದ. ಆಮೇಲೆ ಅವನ ಹೊಟ್ಟೆ ಅಲ್ಲಾಡಿತು, ಹೆಗಲು ಅಲ್ಲಾಡಿತು, ಬಾಯಿ ತೆರೆದು ನಕ್ಕ. ಹೆಂಗಸರ ಕಡೆ ನೋಡಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಬರುವಾಗ ಆತ ತಾನಾಗಿ ಮಾತು ತೆಗೆದ. "ಆ ಮರಿಗಿ ತಾಯಿ ಹಾಲು ಸಾಲವಲ್ದು. ಪಕ್ಕದ ಎಲಬು ಎಣಿಸಬಹುದು," ಎಂದ. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ, "ನಮ್ಮ ಹುಡುಗಿ ಇದ್ದಿದ್ರ ನಾ ಮ್ಯಾಲೆ ಹತ್ತಿದ್ದು ನೋಡಿ ಚಪ್ಪಾಳಿ ಹೊಡೀತಿತ್ತು," ಎಂದ. ಹೆಂಡತಿ ಆತನ ಕಡೆ ತಿರುಗಿದಳು. "ಹೌದ್ರಿ, ಭಾಳ ಹೊಡೀತಿತ್ತು," ಎಂದಳು. ಮಗಳ ಮಾತು ಆತನ ಬಾಯಲ್ಲಿ ಬಂದದ್ದು ಅದೇ ಮೊದಲಂತೆ.

ಎರಡು ದಿನ ಬಿಟ್ಟು ಆತ ಶಾಲೆಗೆ ಬಂದ. ಮ್ಯಾನೇಜರನಿಗೆ ಒಂದು ಚೀಟಿ ಬರೆದುಕೊಡಬೇಕೆಂದ. "ಮರೀನ ತಾಯಿಂದ ಅಗಲಿಸಿ ಇಡಬಾರದು, ಆಟ ಇದ್ದಾಗಷ್ಟ ತರಬೇಕು ಅಂತ ಬರೀರಿ. ಖಡಕ್ಕಾಗಿ ಬರೀರಿ ಮಾಸ್ತರ." ಖಡಕ್ಕಾಗಿಯೇ ಬರೆದೆ. ಆತ ಅದನ್ನು ಪಟಗಾದಲ್ಲಿ ಸಿಕ್ಕಿಸಿಕೊಂಡು ತಾನೇ ಸಿಂದಗಿಗೆ ಹೋಗಿ ಕೊಟ್ಟು ಬಂದ. ಮುಂದೆ ನಾನು ಹೋದಾಗ ಟೆಂಟಿನ ಹಿಂದೆ ತಾಯಿ ಕುರಿಯೂ ಕಟ್ಟಿತ್ತು.

ಮುಂದಿನ ರವಿವಾರ ಆತನ ಹೆಂಡತಿ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸಿಂದಗಿಗೆ ಹೊರಟಳು. ಬಸ್ಸಿಗೆ ಕಾಯುತ್ತಿದ್ದ ಗುಂಪಿನಲ್ಲಿ ತವರಿಗೆ ಬಂದು ಕೂತಿದ್ದ ಒಬ್ಬ ಹುಡುಗಿಯೂ ಇದ್ದಳು. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿ ಆರು ತಿಂಗಳಾಗಿತ್ತು. ಈಕೆ ಅವಳನ್ನು ನಾನು ನಿಂತಿದ್ದ ಕಡೆ ಕರೆದು ಮೆಲ್ಲಗೆ ಹೇಳಿದಳು: "ನೋಡವಾ ತಂಗಿ, ಅದರಾಗ ಗೌಡನ ಸೊಸಿ ಸಿಟ್ಟ ಮಾಡಿ ಗಂಟು ಕಟ್ಟಿಕೊಂಡು ತವರಿಗೆ ಹೊಂಟ ನಿಂದರತಾಳ. ನಗಿಸಾಕ ಮಾಡ್ಯಾರ, ಆದ್ರ ನಿನ್ನ ಮನಸಿಗೆ ಚುಚ್ಚಬಹುದು. ಈಗ ತಿಳದೈತಲ್ಲಾ, ಬರ್ತಿದ್ರ ಬಾ, ಇಲ್ಲಂದ್ರ ಮುಂದಿನ ನಾಟಕಕ್ಕ ಇಬ್ಬರ ಕೂಡಿ ಹೋಗೂಣು."

ಆ ನಾಟಕವನ್ನು ನಾನು ಅಷ್ಟೊತ್ತಿಗೆ ಮೂರು ಸಲ ನೋಡಿದ್ದೆ. ಆ ಸೊಸೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಹುಡುಗಿ ಸ್ವಲ್ಪ ಯೋಚಿಸಿ, "ಬರ್ತೇನಿ ಯಕ್ಕಾ," ಎಂದು ಬಸ್ಸು ಹತ್ತಿದಳು.