ಬಾಯಿಪಾಠದ ಕಣ್ಣು

ಸಿಟ್ಟು ನನ್ನ ಮೂಗಿನ ಮೇಲೇ ಕೂತಿರುತ್ತದೆ ಎಂಬುದು ಮನೆಯವರ ದೂರು. ಈಚೆಗೆ ಅಲ್ಲಿ ಕನ್ನಡಕವೂ ಬಂದು ಕೂತಿದೆ. ಎರಡಕ್ಕೂ ಜಾಗ ಸಾಲದು. ಆದರೆ ಕನ್ನಡಕ ಕಂಡರೆ ನನಗೆ ಮೈಯುರಿಯುವುದು ನಮ್ಮಕ್ಕನ ಕಣ್ಣಿನ ದೆಸೆಯಿಂದ.

ಅಕ್ಕನನ್ನು ಕೊಟ್ಟದ್ದು ಹೊಳೇನರಸೀಪುರಕ್ಕೆ. ಕೆಲವು ವರ್ಷಗಳಿಂದ ಅವಳಿಗೆ ಸಿಹಿಮೂತ್ರದ ಕಾಯಿಲೆ. ಪಂಡಿತರು ಇದನ್ನೇ ಮಧುಮೇಹ ಎನ್ನುತ್ತಾರೆ. ಎಂಥ ಸೊಗಸಾದ ಹೆಸರು! ಹೀಗೆ ಜೇನು ಸವರಿ ಹೆಸರಿಟ್ಟರೆ ಯಾರು ತಾನೆ ಹೆದರುತ್ತಾರೆ? ಭಾವನವರಂತೂ ಹೆದರಲಿಲ್ಲ. ಅಕ್ಕನ ಕಣ್ಣು ಮಂಜಾದಾಗ, "ನಲವತ್ತು ದಾಟಿತು, ಚಾಳೀಸು ಅಷ್ಟೇ" ಎಂದು ಚನ್ನರಾಯಪಟ್ಟಣದ ಸಂತೆಯಲ್ಲಿ ಕನ್ನಡಕ ಮಾರುವವನ ಮುಂದೆ ಕೂರಿಸಿದರು. ಅವನು ಒಂದೊಂದೇ ಕನ್ನಡಕ ಏರಿಸಿ ಓದಿಸಿ ನೋಡುವವನು. ಓದುವುದಕ್ಕೆ ಭಾವ ಕೊಟ್ಟದ್ದೇನು ಗೊತ್ತೆ? ಮದುವೆಯಾದಂದಿನಿಂದ ಅಕ್ಕ ದಿನಾ ದೀಪ ಹಚ್ಚಿ ಹೇಳುತ್ತಿದ್ದ ದೇವರನಾಮಗಳ ಪುಸ್ತಕ! ಅವಳು ಗಳಗಳನೆ ಒಪ್ಪಿಸಿಬಿಟ್ಟಳು.

"ನೋಡಿ ಸಾ, ಇನ್ ಅಮ್ಮಾವ್ರು ಸಾಸಿವೇನೂ ಎಣಿಸ್ತಾರೆ" ಎಂದನಂತೆ ಅವನು.

ಆಮೇಲೆ ಮನೆಯಲ್ಲೂ ಅದೇ ಪರೀಕ್ಷೆ. ಸಂಜೆ ಅಕ್ಕ ಪುಸ್ತಕ ಹಿಡಿದು ಹಾಡುವಳು, ಕಣ್ಣು ಸರಿಯಾಗಿದೆಯೆಂದು ಭಾವ ಎಲೆಯಡಿಕೆ ಮೆಲ್ಲುವರು. ನಾನು ಹೋಗಿದ್ದ ದಿನ ಅಂಟಿಕೊಂಡಿದ್ದ ಹಾಳೆಗಳು ಒಟ್ಟಿಗೆ ಮಗುಚಿಬಿಟ್ಟವು. ಎದುರಿಗಿದ್ದ ಪುಟದಲ್ಲಿ ಬೇರೆಯೇ ಹಾಡು. ಅಕ್ಕ ಮಾತ್ರ ಹಳೆಯ ಹಾಡನ್ನೇ ಒಂದಕ್ಷರ ತಪ್ಪದೆ ಮುಂದುವರಿಸಿದಳು. ಅವಳು ಓದುತ್ತಲೇ ಇರಲಿಲ್ಲ, ಎಲ್ಲ ಬಾಯಿಪಾಠ!

ಮರುದಿನವೇ ಅಕ್ಕನೂ ನಾನೂ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮುಖವೆಲ್ಲ ಮಸಿಯಾಗಿ ಹಾಸನ ಸೇರಿದೆವು. ಕಣ್ಣಿನ ಡಾಕ್ಟರು ಏನನ್ನೂ ಓದಿಸಲಿಲ್ಲ. ಹನಿ ಬಿಟ್ಟು, ಕತ್ತಲೆ ಕೋಣೆಯಲ್ಲಿ ಕೂರಿಸಿ, ನಡುವೆ ತೂತಿದ್ದ ಪುಟ್ಟ ಕನ್ನಡಿಯಿಂದ ಬೆಳಕು ಬಿಟ್ಟು ಕಣ್ಣಿನೊಳಗೆ ಇಣುಕಿದರು. ಕಂಡದ್ದನ್ನು ಕಾಗದದ ಮೇಲೆ ಬರೆದು ತೋರಿಸಿದರು: ಎರಡು ಚಕ್ರ, ಒಂದರೊಳಗೆಲ್ಲ ಕೆಂಪು ಪೆನ್ಸಿಲಿನ ಚುಕ್ಕೆ, ಇನ್ನೊಂದರಲ್ಲಿ ನಾಲ್ಕೈದು.

"ಕಣ್ಣಿನ ಹಿಂಭಾಗದಲ್ಲಿ ರಕ್ತ ಒಸರಿದೆ. ಸಿಹಿಮೂತ್ರದ ಕೆಲಸ. ಬಲಗಣ್ಣು ಕೈಮೀರಿತು, ಎಡಗಣ್ಣಿನಲ್ಲಿ ಈಗ ಶುರು. ಪಥ್ಯ, ಇಂಜೆಕ್ಷನ್ನು ತಪ್ಪಿಸಬೇಡಿ, ಆಗಾಗ ಬಂದು ತೋರಿಸಿ. ಮುಂಚೆಯೇ ಯಾಕೆ ಕರಕೊಂಡು ಬರಲಿಲ್ಲ?"

ಆ ಪ್ರಶ್ನೆಯನ್ನು ನಾನು ಹೊಳೇನರಸೀಪುರದವರೆಗೂ ಹೊತ್ತು ತಂದು ಭಾವನವರ ಮೇಲೆ ಕೆಡವಿದೆ.

"ನೋವು ಅಂತ ಅವಳು ಅನ್ನಲೇ ಇಲ್ಲವಲ್ಲಯ್ಯ! ಇನ್ನು ನೋವು ಬಂದರೆ ಕರಕೊಂಡು ಹೋದರಾಯಿತು" ಎಂದರು ಭಾವ.

ನನಗೆ ರೇಗಿಹೋಯಿತು. ಅಕ್ಕನ ಮೇಲೂ ಹಾರಿಬಿದ್ದೆ: "ನೀನಾದರೂ ಬಾಯಿ ಬಿಡಬಾರದಿತ್ತೆ?"

"ಬಿಟ್ಟಿದ್ರೆ ಒಲೆ ಮುಂದಿನಿಂದ ಎಬ್ಬಿಸಿ ಮೂಲೇಲಿ ಕೂರಿಸ್ತಿದ್ರಿ ಕಣೋ" ಎಂದಳು.

ಅವಳು ಭಾವನವರ ಕಡೆ ತಿರುಗಿದಳು. ಅವಳು ದನಿ ಏರಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಏನೂಂದ್ರೆ, ನೋವೇ ಇಲ್ದೆ ಒಂದು ಹೋಯ್ತಲ್ಲ! ಇನ್ನೊಂದಕ್ಕೂ ನೋವು ಬರಲಿ ಅಂತ ಕಾಯ್ತಾ ಕೂರ್ಲಾ? ಬರೋ ತಿಂಗಳು ನನ್ನ ಹಾಸನದ ಬಸ್ಸು ಹತ್ತಿಸಿ."

ಭಾವ ಆಗಲೆಂದು ತಲೆಯಾಡಿಸಿದರು. ಕಣ್ಣು ಹೋಗುವಾಗ ಸದ್ದು ಮಾಡುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಗಲಾಟೆ ಮಾಡಲೇಬೇಕು.