ಮಣ್ಣು ಹಿಡಿದಿಟ್ಟ ಮಳೆ

ನಾನು ಹುಟ್ಟಿ ಬೆಳೆದದ್ದು ಆಲಮಟ್ಟಿಯಲ್ಲಿ. ಅಪ್ಪ ಕಾಲುವೆ ಕಚೇರಿಯ ನೌಕರ. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಕಣ್ಣು ಹಾಯುವಷ್ಟೂ ನೀರು. ಮದುವೆಯಾಗಿ ಬಂದ ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಹೊಲಕ್ಕೆ ಕಾಲುವೆಯೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಎರೆಭೂಮಿ, ಹಿಂಗಾರಿಗೆ ಬಿಳಿಜೋಳ. ಬಿದ್ದ ಮಳೆ ಮೇಲ್ಮಣ್ಣನ್ನೂ ಬಳಿದುಕೊಂಡು ಹಳ್ಳ ಸೇರುತ್ತಿತ್ತು.

ಒಂದು ವರ್ಷ ರೈತರ ತರಬೇತಿಯಲ್ಲಿ ಚೌಕಮಡಿಯ ವಿಷಯ ಕೇಳಿ ಬಂದೆ. ಬಿತ್ತುವ ಮುಂಚೆ ಹೊಲದ ತುಂಬ ಅಡ್ಡ-ಉದ್ದ ಸಣ್ಣ ಸಣ್ಣ ಬದು ಹಾಕಿ ಚೌಕ ಚೌಕದ ಮಡಿ ಮಾಡಿ, ಮಳೆಯನ್ನು ಬಿದ್ದಲ್ಲೇ ಇಂಗಿಸುವ ಕ್ರಮ ಅದು. ಅತ್ತೆಗೆ ಹಿಡಿಸಲಿಲ್ಲ.

“ನೀರ ನಿಂತ್ರ ಹೊಲ ಕೆಸರ ಆಗ್ತೈತಿ. ಮುಂದ ಬಿತ್ತೂದ ಯಾವಾಗ?”

“ಅರ್ಧ ಹೊಲಕ್ಕ ಮಾಡಿ ನೋಡೂಣ್ರಿ ಅತ್ತಿ,” ಅಂದೆ.

“ಅರ್ಧ ಅಂದ್ರ ಅರ್ಧನ ಮತ್ತ,” ಅಂದವರು, ಮರುದಿನ ನನಗಿಂತ ಮೊದಲೇ ಸಲಿಕೆ ಹಿಡಿದು ಹೊಲದಲ್ಲಿದ್ದರು.

ಒಂದು ಮಧ್ಯಾಹ್ನ ದೊಡ್ಡ ಮಳೆ ಹೊಡೆಯಿತು. ನಿಂತ ಮೇಲೆ ಹೋಗಿ ನೋಡಿದರೆ, ಬದುವಿಲ್ಲದ ಕಡೆಯಿಂದ ರಾಡಿನೀರು ಹಳ್ಳಕ್ಕೆ ಓಡುತ್ತಿತ್ತು. ಇತ್ತ ಮಡಿಮಡಿಯಲ್ಲೂ ನೀರು ಅಲುಗದೆ ಕೂತಿತ್ತು, ಮೇಲಿನ ಮೋಡ ಸಮೇತ. ಕೆಲವೇ ದಿನಗಳಲ್ಲಿ ಅಷ್ಟೂ ನೀರನ್ನು ನೆಲ ಕುಡಿಯಿತು. ಹದ ನೋಡಿ ಬಿತ್ತಿದೆವು. ಆಮೇಲೆ ಮಳೆ ಬರಲೇ ಇಲ್ಲ.

ಚಳಿ ಬೀಳುವ ಹೊತ್ತಿಗೆ ಬದುವಿಲ್ಲದ ಕಡೆ ನೆಲ ಬಿರಿದು ಎಲೆಗಳು ಸುರುಟಿಕೊಂಡಿದ್ದವು. ಮಡಿ ಕಟ್ಟಿದ ಕಡೆ ಜೋಳ ಆಳೆತ್ತರ, ದಟ್ಟ ಹಸಿರು. ಅತ್ತೆಗೆ ತಡೆಯಲಾಗಲಿಲ್ಲ. ಗುದ್ದಲಿ ತಂದು ಒಂದು ಗಿಡದ ಪಕ್ಕ ಅಗೆದರು. ಮೊಣಕಾಲುದ್ದ ಇಳಿದ ಮೇಲೆ ಮಣ್ಣು ತಣ್ಣಗೆ ತಗುಲಿತು, ಹಿಸುಕಿದರೆ ಉಂಡೆಯಾಯಿತು. ಕೂದಲೆಳೆಯಂಥ ಬಿಳಿ ಬೇರುಗಳು ಅಲ್ಲಿಂದಲೂ ಕೆಳಗೆ ಹೊರಟಿದ್ದವು.

“ಯವ್ವಾ, ಇಲ್ಲಿ ಕೈ ಇಟ್ಟ ನೋಡ. ಯಾವಾಗಿನ ಮಳಿ ಇದು! ಇನ್ನೂ ಐತಿ!” ಅತ್ತೆ ನನ್ನ ಕೈ ಹಿಡಿದು ಎಳೆದರು.

ಕೈಯಿಟ್ಟೆ. ಸಮುದ್ರದಂಥ ನೀರು ನೋಡಿ ಬೆಳೆದವಳು ನಾನು. ಆದರೆ ನೀರಿಗೆ ನನ್ನ ಮೈ ಜುಮ್ಮೆಂದದ್ದು ಆ ಕುಣಿಯ ಮುಂದೆ ಮಾತ್ರ.

ಆ ಸಲದ ಜೋಳ ಮುಂದಿನ ಸುಗ್ಗಿಯವರೆಗೂ ನಮ್ಮ ರೊಟ್ಟಿಗೆ ಸಾಕಾಯಿತು. ಮರುವರ್ಷ ಪಕ್ಕದ ಹೊಲದವರು ಬದುವಿನಾಚೆ ನಿಂತು ಕೇಳಿದರು, “ಈ ಸಲ ಇಡೀ ಹೊಲಕ್ಕನ?”

“ಹೌದ್ರಿ,” ಅಂದರು ಅತ್ತೆ. “ನೀವೂ ಸಲಿಕಿ ತಗೊಂಡ ಬರ್ರಿ, ತೋರಸ್ತೇನಿ.”